ಐಸ್ ತುಂಬಿದ ಇಸ್ತ್ರಿಪೆಟ್ಟಿಗೆ

ನನ್ನ ಗಂಡನ ಎಡಗೈ ಬಿದ್ದುಹೋದಾಗ ಅಂಗಡಿಗೆ ಬಂದ ಗಿರಾಕಿಗಳೆಲ್ಲ ಒಂದೇ ಮಾತು ಹೇಳಿದರು. "ಪುಣ್ಯ ಮಾಡಿದ್ರಿ, ಎಡಗೈ. ಬಲಗೈ ಆಗಿದ್ರೆ ಇಸ್ತ್ರಿ ಕೆಲಸದ ಗತಿ ಏನು?" ಹೇಳುವವರ ಗಂಟೇನು ಹೋಗಬೇಕು? ನಾನು ಬಾಯಿ ಮುಚ್ಚಿಕೊಂಡು ಬಟ್ಟೆ ಮಡಚಿ ಕೊಡುತ್ತಿದ್ದೆ. ಬಾಯಿ ಮುಚ್ಚಿಕೊಳ್ಳುವುದು ನನ್ನ ಹುಟ್ಟುಗುಣವಲ್ಲ, ಹಾಗಾಗಿ ಅದು ಹೆಚ್ಚು ದಿನ ನಡೆಯಲಿಲ್ಲ. ಒಂದು ದಿನ ಮೂಲೆಮನೆಯ ದಪ್ಪ ಕನ್ನಡಕದವರು ಅದೇ ರಾಗ ಎಳೆದಾಗ ಹೇಳಿಯೇಬಿಟ್ಟೆ. "ಇಸ್ತ್ರಿ ಮಾಡೋದು ಬಲಗೈ ಅಂತ ಯಾರು ಹೇಳಿದ್ದು ನಿಮಗೆ? ಬಲಗೈ ಬರೀ ಪೆಟ್ಟಿಗೆ ತಳ್ಳುತ್ತೆ. ಅದನ್ನ ಕತ್ತೆ ಬೇಕಾದ್ರೂ ತಳ್ಳುತ್ತೆ. ಇಸ್ತ್ರಿ ಮಾಡೋದು ಎಡಗೈ." ಅವರು ಅಂಗಿ ಎತ್ತಿಕೊಂಡು ಹೊರಟುಹೋದರು.

ಆದರೆ ಮಾತು ನಿಜ. ನಿಂತು ನೋಡಿದವರಿಗೆ ಗೊತ್ತಾಗುತ್ತದೆ. ಎಡಗೈ ಮುಂದೆ ಹೋಗುತ್ತದೆ. ಬೆರಳು ಅಗಲಿಸಿ ಬಟ್ಟೆಯ ಮುದುರು ಬಿಡಿಸುತ್ತದೆ, ಹೊಲಿಗೆಯನ್ನು ನೆಟ್ಟಗೆ ಎಳೆಯುತ್ತದೆ. ಕಾದ ಪೆಟ್ಟಿಗೆ ಅದರ ಬೆನ್ನಟ್ಟಿ ಬರುತ್ತದೆ. ಇನ್ನೇನು ಮುಟ್ಟಿತು ಅನ್ನುವಾಗ ಎಡಗೈ ಸರಿದು ದಾರಿ ಬಿಡುತ್ತದೆ. ಗಾಬರಿಯಿಂದಲ್ಲ, ಬಾಗಿಲಲ್ಲಿ ನಿಂತವರು ಒಳಗೆ ಬರುವ ಹಿರಿಯರಿಗೆ ಪಕ್ಕಕ್ಕೆ ಸರಿಯುವ ಹಾಗೆ. ಇವರ ಕೈ ಹಾಗೆ ಸರಿಯುವುದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಮೇಜಿನ ಆ ಕಡೆ ಇವರು, ಈ ಕಡೆ ನಾನು. ನಾನು ನೀರು ಚಿಮುಕಿಸಿ ಬಟ್ಟೆ ಹರಡುತ್ತಿದ್ದೆ, ಇವರು ಇಸ್ತ್ರಿ ಮಾಡಿ ನನ್ನ ಕಡೆ ತಳ್ಳುತ್ತಿದ್ದರು, ನಾನು ಮಡಚುತ್ತಿದ್ದೆ. ನಮ್ಮ ಸಂಸಾರದ ಮುಕ್ಕಾಲು ಮಾತುಕತೆ, ಜಗಳ, ರಾಜಿ ಎಲ್ಲ ಆ ಮೇಜಿನ ಅಡ್ಡಕ್ಕೇ ನಡೆದಿದೆ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲ ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿದರು. ಸ್ಟ್ರೋಕ್ ಅಂದರು. ಆಸ್ಪತ್ರೆಯಿಂದ ಬರುವ ಹೊತ್ತಿಗೆ ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಗಿತ್ತು, ಕಾಲು ಒಂದು ಕೋಲಿನ ಆಸರೆಯಲ್ಲಿ ನಡೆಯುವಷ್ಟಾಗಿತ್ತು. ನಾಲಿಗೆಗಂತೂ ಏನೂ ಆಗಿರಲಿಲ್ಲ. ಆಗಿದ್ದರೆ ನಾನು ಯಾರ ಜೊತೆ ಜಗಳವಾಡುವುದು? ಎಡಗೈ ಮಾತ್ರ ಹೆಗಲಿಂದ ಜೋತುಬಿದ್ದಿತ್ತು. ಮುಟ್ಟಿದರೆ ಮಂಕಾಗಿ ಗೊತ್ತಾಗುತ್ತಿತ್ತು, ಅಷ್ಟೆ. ಜೀವಮಾನವೆಲ್ಲ ದುಡಿದ ಕೈಯೇ ಕೈ ಕೊಟ್ಟಿತು.

ಫಿಜಿಯೋಥೆರಪಿ ಸೆಂಟರಿನಲ್ಲಿ ಇವರನ್ನು ನೋಡಿಕೊಂಡದ್ದು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ಹೋಂವರ್ಕ್ ಕೊಟ್ಟು, ಮಾಡದಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದಳು. ಇವರು ಮೊದಲ ದಿನವೇ ಆಕೆಗೆ ಹೆಡ್‌ಮಿಸ್ ಅಂತ ಹೆಸರಿಟ್ಟರು. ಆಕೆಗೂ ಗೊತ್ತಾಯಿತು, ಬೇಡ ಅನ್ನಲಿಲ್ಲ.

ಹೆಡ್‌ಮಿಸ್ ಹಿಡಿದದ್ದು ಬಿಸಿ ಮತ್ತು ತಣ್ಣನೆಯ ದಾರಿ. ಬಿಸಿನೀರಲ್ಲಿಟ್ಟ ಒಂದು ಪ್ಯಾಕು, ಐಸಿನಲ್ಲಿಟ್ಟ ಇನ್ನೊಂದು. ಎರಡಕ್ಕೂ ಟವೆಲ್ ಸುತ್ತಿ, ಥರ್ಮಾಮೀಟರ್ ನೋಡಿ, ಮೊದಲು ಇವರ ಬಲಗೈಗೆ ಮುಟ್ಟಿಸಿ, ಆಮೇಲೆ ಎಡಗೈಗೆ ಇಡುತ್ತಿದ್ದಳು. ಸ್ವಲ್ಪ ಹೊತ್ತು ಬಿಸಿ, ಸ್ವಲ್ಪ ಹೊತ್ತು ತಣ್ಣಗೆ. ನಡುನಡುವೆ ಚರ್ಮ ಕೆಂಪಾಗಿದೆಯಾ ಅಂತ ಬಗ್ಗಿ ನೋಡುತ್ತಿದ್ದಳು.

"ನೋಡಿ ಸರ್, ಇದು ಬಾಗಿಲು ತಟ್ಟೋ ಕೆಲಸ," ಅಂದಳು. "ಬಿಸಿ ಆದ್ರೆ ಕೈ ಎಳ್ಕೋಬೇಕು ಅನ್ನೋದು ಮೆದುಳಿಗೆ ತುಂಬಾ ಹಳೇ ಪಾಠ. ಆ ಪಾಠನ ನೆನಪು ಮಾಡಿಸ್ತಿದ್ದೀವಿ. ಸಾಕು ಅನಿಸಿದ ಕೂಡ್ಲೇ ಕೈ ಎಳ್ಕೊಳ್ಳಿ. ಬರದಿದ್ರೂ ಪರವಾಗಿಲ್ಲ, ಎಳ್ಕೊಳ್ಳೋಕೆ ಹೊರಡಿ."

ಪ್ಯಾಕ್ ಇಟ್ಟಳು. ಇವರು ಕಲ್ಲುಗುಂಡಿನ ಹಾಗೆ ಕೂತಿದ್ದರು. ಆಕೆ ಕಾದಳು, ಪ್ಯಾಕ್ ತೆಗೆದಳು.

"ಗೊತ್ತಾಗ್ಲಿಲ್ವಾ ಸರ್?"

"ಗೊತ್ತಾಯ್ತಲ್ಲ. ಬಿಸಿ."

"ಮತ್ತೆ ಎಳ್ಕೋಬೇಕು ಅನಿಸ್ಲಿಲ್ವಾ?"

"ಯಾಕೆ ಎಳ್ಕೋಬೇಕು? ತಡ್ಕೋಬಹುದಿತ್ತು." ಮುಖದಲ್ಲಿ ಪರೀಕ್ಷೆ ಪಾಸಾದವರ ಗತ್ತು ಬೇರೆ. "ಇಷ್ಟಕ್ಕೆಲ್ಲಾ ಕೈ ಎಳ್ಕೊಂಡ್ರೆ ನಮ್ಮಪ್ಪ ಮೇಲಿಂದ ಇಳಿದು ಬಂದು ಬಾರಿಸ್ತಾನೆ."

ಅದು ಹೆಡ್‌ಮಿಸ್‌ಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನನ್ನ ಮಾವ ಇವರಿಗೆ ಕೆಲಸ ಕಲಿಸಿದ್ದೇ ಒಂದು ಮಾತಿನಿಂದ: ಚರ್ಮ ಬೆಳೆಯುತ್ತೆ, ಬಟ್ಟೆ ಬೆಳೆಯಲ್ಲ. ಪೆಟ್ಟಿಗೆ ಕೈಗೆ ತಾಗಿತು ಅಂತ ಹೌಹಾರಿ ಕೈ ಕಿತ್ತುಕೊಂಡರೆ ಪೆಟ್ಟಿಗೆ ಬಟ್ಟೆಯ ಮೇಲೆ ಬೀಳುತ್ತದೆ, ಯಾರದೋ ಒಳ್ಳೆಯ ಕೋಟು ಸುಟ್ಟು ಕರಕಲಾಗುತ್ತದೆ. ಅದಕ್ಕೆ ಮೊದಲು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸು, ಆಮೇಲೆ ಬೆರಳು ನೋಡಿಕೋ. ಹುಡುಗನಾಗಿದ್ದಾಗ ಇವರು ಕೈ ಕಿತ್ತುಕೊಂಡಾಗಲೆಲ್ಲ ಮಾವ ತಲೆಗೊಂದು ಬಿಡುತ್ತಿದ್ದರಂತೆ. ಇವರ ಎಡಗೈ ಮಣಿಕಟ್ಟಿನಿಂದ ಮೇಲಕ್ಕೆ ಹಳೆಯ ಬರೆಗಳು ಇನ್ನೂ ಇವೆ. ಅಂಥವರಿಗೆ ಟವೆಲ್ ಸುತ್ತಿದ ಪ್ಯಾಕು ತೋರಿಸಿ ಎಳ್ಕೊಳ್ಳಿ ಅಂದರೆ ಹೇಗೆ?

ದಿನಗಳು ಹೋದವು. ಬಿಸಿ ಇಟ್ಟಾಯಿತು, ಐಸ್ ಇಟ್ಟಾಯಿತು, ಮನೆಯಲ್ಲೂ ಹೇಳಿದ ಹಾಗೆಯೇ ಮಾಡಿದೆ. ಕೈ ಅಲುಗಲಿಲ್ಲ. ಸೆಂಟರಿನಲ್ಲಿ ಇವರು ಜೋಕು ಹೊಡೆದು ಎಲ್ಲರನ್ನೂ ನಗಿಸುತ್ತಿದ್ದರು. ನಾನೂ ಇವರಿಗೆ ಅದರ ಚಿಂತೆಯೇ ಇಲ್ಲ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅಂಗಡಿಯಿಂದ ಮನೆಯೊಳಗೆ ಬಂದಾಗ ಇವರು ಮಂಚದ ಮೇಲೆ ಕೂತು, ಬಲಗೈಯಲ್ಲಿ ಎಡಗೈಯನ್ನು ಮಡಿಲಿಗೆ ಎತ್ತಿಟ್ಟುಕೊಂಡು, ಮೆಲ್ಲಗೆ ಮಾತಾಡುತ್ತಿದ್ದರು. "ಏಳೋ. ಏಳಪ್ಪ. ಒಂದ್ಸಲ ಎದ್ದುಬಿಡೋ." ಸದ್ದು ಮಾಡದೆ ವಾಪಸ್ ಅಂಗಡಿಗೆ ಹೋದೆ.

ಕೊನೆಗೆ ಹೆಡ್‌ಮಿಸ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಇರುವುದನ್ನು ಇದ್ದ ಹಾಗೆ ಹೇಳಿದಳು. ತಿಂಗಳ ಕೊನೆಗೆ ದೊಡ್ಡ ಡಾಕ್ಟರು ಬಂದು ಕೈ ನೋಡುತ್ತಾರೆ. ಎಷ್ಟೇ ಸಣ್ಣದಾಗಲಿ, ತಾನಾಗಿ ಒಂದು ಅಲುಗಾಟ ಕಂಡರೆ ಈ ಚಿಕಿತ್ಸೆ ಮುಂದುವರಿಯುತ್ತದೆ. ಕಾಣದಿದ್ದರೆ ಇಲ್ಲಿಗೆ ನಿಲ್ಲಿಸಿ, ಒಂದೇ ಕೈಯಲ್ಲಿ ಬದುಕುವುದನ್ನು ಕಲಿಸಲು ಶುರುಮಾಡುತ್ತಾರೆ. ಗುಂಡಿ ಹಾಕಿಕೊಳ್ಳುವುದು, ಊಟ ಮಾಡುವುದು, ಅಂಥದ್ದು. "ಅದೂ ಒಂದು ವಿದ್ಯೆನೇ ಸರ್, ಅವಮಾನ ಅಂದ್ಕೋಬೇಡಿ," ಅಂದಳು. ಇವರು ಆ ದಿನ ಜೋಕು ಹೊಡೆಯಲಿಲ್ಲ.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಹೇಳಿದರು. "ಕೈ ಬಂದ್ರೆ ಅಂಗಡಿಗೆ ಬರ್ತೀನಿ. ಬರ್ಲಿಲ್ಲ ಅಂದ್ರೆ ಆ ಮೇಜಿನ ಮುಂದೆ ನಾನು ನಿಲ್ಲಲ್ಲ. ಅದನ್ನ ಯಾರಿಗಾದ್ರೂ ಕೊಟ್ಟುಬಿಡು."

"ಮೇಜು ಕೊಟ್ಟು ನಾನೇನು ನೆಲದ ಮೇಲೆ ಇಸ್ತ್ರಿ ಮಾಡ್ಲಾ?"

"ನೀನು ಏನಾದ್ರೂ ಮಾಡ್ಕೋ. ನನ್ನ ಕಣ್ಣಿಗೆ ಅದು ಬೀಳಬಾರದು."

ನಮ್ಮ ಅಂಗಡಿಯ ಹಿಂದೆಯೇ ಮನೆ. ನಡುವೆ ಇರುವುದು ಎರಡು ಮೆಟ್ಟಿಲು. ಆಸ್ಪತ್ರೆಯಿಂದ ಬಂದಮೇಲೆ ಇವರು ಆ ಮೆಟ್ಟಿಲು ದಾಟಿರಲಿಲ್ಲ. ಬಸ್ಸಿಗೆ ಹೋಗುವಾಗಲೂ ಹಿಂಬಾಗಿಲಿಂದ ಹೊರಟು ಬಳಸಿ ಬರುತ್ತಿದ್ದರು. ಮೇಜಿನ ಆ ಕಡೆ ಈಗ ನಾನು ನಿಲ್ಲುತ್ತಿದ್ದೆ. ಈ ಕಡೆ ಯಾರೂ ಇರಲಿಲ್ಲ. ಇಸ್ತ್ರಿ ನಾನೇ, ಮಡಚುವುದೂ ನಾನೇ. ಕೆಲಸ ಭಾರ ಅಂತ ಅಲ್ಲ. ತಲೆ ಎತ್ತಿದರೆ ಎದುರಿಗೆ ಗೋಡೆ ಕಾಣುತ್ತಿತ್ತು. ಇವರ ಕೈ ಬಾರದಿದ್ದರೆ ಇನ್ನು ಮುಂದೆ ನನಗೆ ಆ ಗೋಡೆಯೇ ಗತಿ ಅನ್ನುವುದು ಬಸ್ಸಿಳಿಯುವ ಹೊತ್ತಿಗೆ ಚೆನ್ನಾಗಿ ತಲೆಗೆ ಹೋಯಿತು.

ಮಾರನೆಯ ದಿನ ಲಾಡ್ಜಿನಿಂದ ಒಂದು ಹೊರೆ ಪರದೆ ಬಂತು. ನುಣುಪು ಬಟ್ಟೆ. ಈ ಕಡೆ ಎಳೆದರೆ ಆ ಕಡೆ ಜಾರುತ್ತದೆ, ಆ ಕಡೆ ಎಳೆದರೆ ನೆಲಕ್ಕೆ ಬೀಳುತ್ತದೆ. ಒಂದೇ ಪರದೆಯನ್ನು ಮತ್ತೆ ಮತ್ತೆ ಮೇಲೆತ್ತಿ ಹಾಕಿ ನನ್ನ ಪಿತ್ತ ನೆತ್ತಿಗೇರಿತು. ಪೆಟ್ಟಿಗೆ ನಿಲ್ಲಿಸಿ ಒಳಗೆ ನುಗ್ಗಿದೆ.

"ರೀ, ಎದ್ದು ಬನ್ನಿ."

"ಯಾಕೆ?"

"ಪರದೆ ಜಾರ್ತಿದೆ. ಭಾರ ಇಡೋಕೆ ಏನಾದ್ರೂ ಬೇಕು."

"ಅದಕ್ಕೆ ನಾನೇನು ಮಾಡ್ಲಿ?"

"ನಿಮ್ಮ ಕೈ ಇದೆಯಲ್ಲ. ಸುಮ್ನೆ ತೂಗಾಡಿಸ್ಕೊಂಡು ಓಡಾಡ್ತಿದ್ದೀರಿ, ಅದಕ್ಕೂ ಒಂದು ಕೆಲಸ ಆಗ್ಲಿ. ತಂದು ಬಟ್ಟೆ ಮೇಲಿಡಿ, ಕಲ್ಲಿಟ್ಟ ಹಾಗೆ ಇರುತ್ತೆ."

ಆಡಿದ ಮೇಲೆ ಗೊತ್ತಾಯಿತು ಏನು ಆಡಿದೆ ಅಂತ. ಇವರು ನನ್ನನ್ನೇ ನೋಡಿದರು. ಕ್ಷಮಿಸಿ ಅನ್ನುವುದು ನನ್ನ ಬಾಯಿಗೆ ಅಷ್ಟು ಸಲೀಸಲ್ಲ. ತಿರುಗಿ ಹೊರಗೆ ಬಂದುಬಿಟ್ಟೆ. ಪರದೆ ಮತ್ತೆ ಜಾರಿತು. ಆಗ ಹಿಂದೆ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು. ಸಿಟ್ಟಿನಿಂದ ಬಂದರೋ ರೋಸಿ ಬಂದರೋ, ಬಂದರು. ಮೇಜಿನ ತುದಿಗೆ ಸ್ಟೂಲ್ ಎಳೆದು ಕೂತು, ಬಲಗೈಯಲ್ಲಿ ಎಡಗೈ ಎತ್ತಿ ಪರದೆಯ ಅಂಚಿನ ಮೇಲೆ ದೊಪ್ಪನೆ ಹಾಕಿದರು.

"ತಗೋ ನಿನ್ನ ಕಲ್ಲು," ಅಂದರು.

ಪರದೆ ಜಾರಲಿಲ್ಲ. ಕೆಲಸ ಚಕಚಕ ಸಾಗಿತು. ಮರುದಿನ ನಾನು ಕರೆಯಲಿಲ್ಲ, ಆದರೂ ಬಂದು ಕೂತರು. ಅದರ ಮರುದಿನ ಬಾಯಿ ಬಿಟ್ಟರು. "ಕಾಲರನ್ನ ತುದಿಯಿಂದ ಒಳಕ್ಕೆ ಮಾಡ್ಬೇಕು, ಒಳಗಿಂದ ತುದಿಗಲ್ಲ. ಎಷ್ಟು ವರ್ಷ ನೋಡಿದೀಯ?" ಅಂದರು. "ನೋಡೋಕೆ ಬಿಡುವು ಯಾವಾಗ ಕೊಟ್ರಿ? ಮಡಚಿದ್ದೇ ಆಯ್ತು ನನ್ನ ಜನ್ಮ," ಅಂದೆ. ಎದುರಿಗೆ ಗೋಡೆಯ ಬದಲು ಒಂದು ಮುಖ ಇತ್ತು, ಅದು ನನ್ನನ್ನು ಬೈಯುತ್ತಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಪ್ರತಿಜ್ಞೆ ಮಾತ್ರ ಹಾಗೆಯೇ ಇತ್ತು. "ಇದು ತಿಂಗಳ ಕೊನೆವರೆಗೆ ಮಾತ್ರ," ಅಂತ ಆಗಾಗ ನೆನಪಿಸುತ್ತಿದ್ದರು.

ಅವತ್ತು ನಡೆದದ್ದು ಹೀಗೆ. ಯಾವುದೋ ಹೋಟೆಲಿನ ಮೇಜುಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಇವರ ಕೈ ಬಟ್ಟೆಯ ಮೇಲೆ ಯಥಾಪ್ರಕಾರ ಬಿದ್ದಿತ್ತು. ಗಂಜಿ ಹೆಚ್ಚಾಯಿತು ಅಂತ ಇವರು, ಗಂಜಿ ಹಾಕಿದ್ದೇ ಇಲ್ಲ ಅಂತ ನಾನು. ಮಾತಿಗೆ ಮಾತು ಬೆಳೆಯಿತು. ನಾನು ಬಟ್ಟೆ ನೋಡುವುದು ಬಿಟ್ಟು ಇವರ ಮುಖ ನೋಡಿಕೊಂಡು ಬೈಯುತ್ತಾ ಪೆಟ್ಟಿಗೆ ತಳ್ಳುತ್ತಲೇ ಇದ್ದೆ.

"ಲೇ, ಕೈ!" ಅಂತ ಕೂಗಿದರು.

ಪೆಟ್ಟಿಗೆ ಎತ್ತಿ ನಿಲ್ಲಿಸಿ ಕೆಳಗೆ ನೋಡಿದೆ. ಪೆಟ್ಟಿಗೆಯ ಮೂತಿ ಇವರ ಕೈ ಇದ್ದ ಜಾಗದವರೆಗೂ ಹೋಗಿತ್ತು. ಕೈ ಅಲ್ಲಿರಲಿಲ್ಲ. ಒಂದು ಬೆರಳಿನಷ್ಟು ಆಚೆ ಇತ್ತು.

"ನೀವು ಎಳ್ಕೊಂಡ್ರಾ?"

"ನಾನೇನೂ ಮಾಡ್ಲಿಲ್ಲ."

"ಮತ್ತೆ?"

"ನೀನು ಬಟ್ಟೆ ತಳ್ಳಿರ್ತೀಯ. ಬಟ್ಟೆ ಜೊತೆ ಹೋಗಿರುತ್ತೆ."

ನನಗೂ ಮೊದಲು ಹಾಗೇ ಅನ್ನಿಸಿತು. ಆಸೆಪಟ್ಟು ಬೇಸ್ತು ಬೀಳುವವಳು ನಾನಲ್ಲ. ಬಗ್ಗಿ ಬಟ್ಟೆ ನೋಡಿದೆ. ಬಟ್ಟೆ ಕೈಯನ್ನು ದೂಡಿಕೊಂಡು ಹೋಗಿದ್ದರೆ ಅಲ್ಲೊಂದು ಮುದುರು ಏಳಬೇಕಿತ್ತು. ಮುದುರು ಇರಲಿಲ್ಲ. ಮೊದಲಿದ್ದ ಒಂದು ಸುಕ್ಕು ಕೂಡ ಇವರ ಬೆರಳುಗಳ ಹಿಂದೆ ಸಪಾಟಾಗಿ ಮಲಗಿತ್ತು. ಕೈ ಬಟ್ಟೆಯ ಜೊತೆ ಹೋಗಿರಲಿಲ್ಲ, ಬಟ್ಟೆಯ ಮೇಲೆ ಹೋಗಿತ್ತು. ನಾನು ಪ್ಲಗ್ ಕಿತ್ತು ನೆಲದ ಮೇಲೆ ಕೂತೆ. ಇವರು ಆ ಸುಕ್ಕಿಲ್ಲದ ಜಾಗವನ್ನು ಬಲಗೈಯಲ್ಲಿ ಸವರಿ ನೋಡಿದರು.

"ಇನ್ನೊಂದ್ಸಲ," ಅಂದರು.

"ಹುಚ್ಚು ಹಿಡಿದಿದೆಯಾ ನಿಮಗೆ? ಸುಟ್ಟುಹೋದ್ರೆ?" ಅಂತ ಕೂಗಿ, ಕೂಗಿದ ಹಿಂದೆಯೇ ಅತ್ತುಬಿಟ್ಟೆ.

ಹೆಡ್‌ಮಿಸ್‌ಗೆ ಹೇಳಿದಾಗ ಆಕೆ ಸಂತೋಷಪಡುವ ಮೊದಲು ನನಗೆ ಚೆನ್ನಾಗಿ ಮಂಗಳಾರತಿ ಮಾಡಿದಳು. "ಅಮ್ಮ, ಅದು ಅರ್ಧಂಬರ್ಧ ಗೊತ್ತಾಗೋ ಕೈ. ಸುಟ್ಟಿದ್ದು ಅವರಿಗೆ ತಿಳಿಯೋ ಹೊತ್ತಿಗೆ ಗುಳ್ಳೆ ಎದ್ದಿರೋದು. ಕಾದ ಇಸ್ತ್ರಿಪೆಟ್ಟಿಗೆ ಇನ್ನು ಆ ಕೈ ಹತ್ರ ಸುಳೀಬಾರದು." ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಸರಿಯಾದ ಮಾತಿಗೆ ನಾನು ಎದುರಾಡುವುದಿಲ್ಲ. ಆಮೇಲೆ ಆಕೆ ಇವರ ಎದುರು ಕೂತು, ಇಸ್ತ್ರಿ ಮಾಡುವಾಗ ಎಡಗೈ ಹೇಗೆ ಹೋಗುತ್ತೆ ಬಲಗೈಯಲ್ಲೇ ತೋರಿಸಿ ಅಂದಳು. ಇವರು ತೋರಿಸಿದರು. ಬಿಡಿಸು, ಎಳೆ, ಸರಿ. ಬಿಡಿಸು, ಎಳೆ, ಸರಿ. ಆಕೆ ತನ್ನ ಕೈಯಲ್ಲೂ ಹಾಗೇ ಮಾಡಿ ನೋಡಿದಳು.

"ನಾನು ಇದುವರೆಗೂ ಮುಟ್ಟಿದ ಮೇಲೆ ಎಳ್ಕೊಳ್ಳಿ ಅಂತಿದ್ದೆ," ಅಂದಳು. "ನಿಮ್ಮ ಕೈ ಮುಟ್ಟೋಕೆ ಮುಂಚೆನೇ ಸರಿಯೋ ಕೈ. ಮುಟ್ಟಿದ ಮೇಲೆ ತಡ್ಕೊಳ್ಳೋ ಕೈ. ಹಾಗಾದ್ರೆ ಪ್ಯಾಕ್ ಇಡೋದಲ್ಲ, ತಳ್ಕೊಂಡು ಬರ್ಬೇಕು. ಅವತ್ತು ಆಗಿದ್ದು ನಿಜವೋ ಆಕಸ್ಮಿಕವೋ ನನಗೆ ಗೊತ್ತಿಲ್ಲ. ನೋಡೇಬಿಡೋಣ. ಇಸ್ತ್ರಿಪೆಟ್ಟಿಗೆ ತರಹದ್ದು, ಆದ್ರೆ ಸುಡದೇ ಇರೋದು ಏನಾದ್ರೂ ಇದೆಯಾ?"

ಇತ್ತು. ಮಾವನ ಕಾಲದ ಇದ್ದಿಲು ಪೆಟ್ಟಿಗೆ. ಮುಚ್ಚಳ ತೆಗೆದು ಒಳಗೆ ಕೆಂಡ ತುಂಬುವಂಥದ್ದು. ಬಹಳ ವರ್ಷದಿಂದ ಅಂಗಡಿಯ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಡುವುದಕ್ಕೆ ಬಳಸುತ್ತಿದ್ದೆವು. ಅದನ್ನು ತಿಕ್ಕಿ ತೊಳೆದು ಕೆಂಡದ ಜಾಗಕ್ಕೆ ಐಸ್ ತುಂಬಿದೆ. ತಳ ತಣ್ಣಗೆ ಕೊರೆಯತೊಡಗಿತು. ಬಿಸಿಯ ಸರದಿ ಬಂದಾಗ ಐಸ್ ತೆಗೆದು, ಹೆಡ್‌ಮಿಸ್ ಹೇಳಿದ ಅಳತೆಗೆ ಥರ್ಮಾಮೀಟರ್ ನೋಡಿ ಬಿಸಿನೀರಿನ ಚೀಲ ಇಡುತ್ತಿದ್ದೆ. ಆಕೆ ಬಂದು ತಳ ಮುಟ್ಟಿ ನೋಡಿ ಒಪ್ಪಿಗೆ ಕೊಟ್ಟಳು. ಗಾಳಿಯಾಡಲು ಪೆಟ್ಟಿಗೆಯ ಪಕ್ಕದಲ್ಲಿ ತೂತುಗಳಿದ್ದವು. ಅವುಗಳಿಂದ ಐಸಿನ ನೀರು ತೊಟ್ಟಿಕ್ಕಿ, ಇಸ್ತ್ರಿ ಮಾಡಿದಷ್ಟೂ ಬಟ್ಟೆ ಒದ್ದೆಯಾಗುತ್ತಿತ್ತು. ದಪ್ಪ ಕನ್ನಡಕದವರು ಬಂದು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಇದು ಹೊಸ ಪದ್ಧತಿ ಸಾರ್, ಬೇಸಿಗೆಗೆ ಒಳ್ಳೇದು," ಅಂದರು ಇವರು.

ಕೈ ಸರಿಯಿತೇ ಅಂದರೆ, ಒಮ್ಮೊಮ್ಮೆ. ಕೆಲವು ದಿನ ಬೆರಳಿನಷ್ಟು, ಕೆಲವು ದಿನ ಕೂದಲೆಳೆಯಷ್ಟು, ಕೆಲವು ದಿನ ಇಲ್ಲವೇ ಇಲ್ಲ. ನಾನು ಕಣ್ಣಿಟ್ಟು, ಉಸಿರು ಬಿಗಿಹಿಡಿದು, ನಿಧಾನವಾಗಿ ತಳ್ಳಿದ ದಿನ ಅದು ಹೆಣದ ಹಾಗೆ ಬಿದ್ದಿರುತ್ತಿತ್ತು. ಯಾವುದೋ ಗಿರಾಕಿಯ ಮೇಲೆ ಗೊಣಗಿಕೊಂಡು ಎತ್ತಲೋ ನೋಡುತ್ತಾ ತಳ್ಳಿದರೆ ಸರಿಯುತ್ತಿತ್ತು. ಯಜಮಾನನ ಹಾಗೆ ಕೈಯೂ ತಿಕ್ಕಲು ಅಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ತಿಂಗಳ ಕೊನೆ ಬಂತು. ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಸೆಂಟರಿಗೆ ಹೋದೆವು. ಡಾಕ್ಟರು ವಯಸ್ಸಾದವರು, ಮೆಲುಮಾತಿನವರು. ಇವರ ಭುಜ, ಮೊಣಕೈ, ಮಣಿಕಟ್ಟು ಎಲ್ಲ ಮುಟ್ಟಿ ಮಡಚಿ ನೋಡಿದರು. ಎತ್ತಿ ಅಂದರು, ಆಗಲಿಲ್ಲ. ಬೆರಳು ಮಡಚಿ ಅಂದರು, ಆಗಲಿಲ್ಲ. ಹೆಡ್‌ಮಿಸ್ ಮೇಜಿನ ಮೇಲೆ ಬಟ್ಟೆ ಹಾಸಿ, ಇವರ ಕೈ ಅದರ ಮೇಲಿಟ್ಟು, ಪೆಟ್ಟಿಗೆಗೆ ಐಸ್ ತುಂಬಿದಳು. ಡಾಕ್ಟರು ಹುಬ್ಬೇರಿಸಿದರು, ಆದರೆ ನಗಲಿಲ್ಲ.

ಆಕೆ ಪೆಟ್ಟಿಗೆಯನ್ನು ನಯವಾಗಿ ತಳ್ಳಿಕೊಂಡು ಬಂದಳು. ಕೈ ಅಲ್ಲೇ ಇತ್ತು. ಪೆಟ್ಟಿಗೆ ಬೆರಳ ತುದಿಗೆ ಬಂದು ನಿಂತಿತು. ಮತ್ತೊಮ್ಮೆ ತಳ್ಳಿದಳು. ಮತ್ತೆ ಹಾಗೇ ಬಂದು ನಿಂತಿತು. ಐಸ್ ತೆಗೆದು ಬಿಸಿ ಇಟ್ಟು ನೋಡಿದಳು. ಕೈ ಜಪ್ಪಯ್ಯ ಅನ್ನಲಿಲ್ಲ. ಆಕೆಯ ಕುತ್ತಿಗೆಯ ಮೇಲೆ ಬೆವರು ಮೂಡಿದ್ದು ನನಗೆ ಕಾಣುತ್ತಿತ್ತು.

"ಪರವಾಗಿಲ್ಲ," ಅಂದರು ಡಾಕ್ಟರು. "ಇಷ್ಟು ಪ್ರಯತ್ನ ಮಾಡಿದೀರಲ್ಲ." ಜೇಬಿನಿಂದ ಪೆನ್ ತೆಗೆದರು.

ಇವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಬಸ್ಸಿನಲ್ಲಿ ಮೇಜು ಕೊಟ್ಟುಬಿಡು ಅಂದಾಗ ಇದ್ದ ಮುಖವೇ ಅದು. ನನಗೆ ಸಿಟ್ಟು ಉಕ್ಕಿತು. ಡಾಕ್ಟರ ಮೇಲಲ್ಲ, ಹೆಡ್‌ಮಿಸ್ ಮೇಲಲ್ಲ. ಇವರ ಮೇಲೆ, ಆ ಕೈಯ ಮೇಲೆ, ಎದುರಿಗೆ ಕಾದು ಕೂತಿರುವ ಆ ಗೋಡೆಯ ಮೇಲೆ.

"ಸ್ವಲ್ಪ ತಾಳಿ," ಅಂತ ಎದ್ದು ಪೆಟ್ಟಿಗೆ ಕಿತ್ತುಕೊಂಡೆ. "ಏನ್ರೀ ಇದು? ಬೆಳಿಗ್ಗೆ ಮನೇಲಿ ಸರಿದಿದ್ದು ಇಲ್ಲಿ ಏನು ದಾಡಿ? ನಾಲ್ಕು ಜನ ನೋಡಿದ್ರೆ ನಾಚಿಕೆನಾ ಅದಕ್ಕೆ? ಮೇಜು ಕೊಡ್ಬೇಕಂತೆ ಮೇಜು! ಕೊಡ್ತೀನಿ, ನಿಮ್ಮನ್ನೂ ಅದರ ಮೇಲೆ ಕೂರಿಸಿ ಕೊಡ್ತೀನಿ!" ಅನ್ನುತ್ತಾ, ಲಾಡ್ಜಿನ ಬಟ್ಟೆ ಸಂಜೆಯೊಳಗೆ ಮುಗಿಸಬೇಕಾದಾಗ ತಳ್ಳುವ ಹಾಗೆ ಜೋರಾಗಿ ತಳ್ಳಿದೆ.

ಕೈ ಸರಿಯಿತು.

ಎಲ್ಲರಿಗೂ ಕಾಣುವ ಹಾಗೆ, ಎರಡು ಬೆರಳಿನಷ್ಟು. ಹಿಂದೆ ಬಟ್ಟೆ ಸಪಾಟಾಗಿತ್ತು. ಡಾಕ್ಟರು ಪೆನ್ ಕೆಳಗಿಟ್ಟು, "ಇನ್ನೊಂದ್ಸಲ ತಳ್ಳೀಮ್ಮ," ಅಂದರು. ತಳ್ಳಿದೆ. ಮತ್ತೆ ಸರಿಯಿತು. ಹೆಡ್‌ಮಿಸ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಇವರು ತಳ್ಳಿದಾಗ ಯಾಕೆ ಬರ್ಲಿಲ್ಲ?" ಅಂತ ಡಾಕ್ಟರು ಹೆಡ್‌ಮಿಸ್ ಕಡೆ ತೋರಿಸಿ ಇವರನ್ನು ಕೇಳಿದರು.

ಇವರು ತಮ್ಮ ಕೈಯನ್ನೇ ನೋಡುತ್ತಿದ್ದರು. ತಲೆ ಎತ್ತದೆ ಹೇಳಿದರು. "ಮೇಡಂ ಒಳ್ಳೆಯವರು ಸಾರ್, ನಿಲ್ಲಿಸ್ತಾರೆ. ಅದು ಕೈಗೆ ಗೊತ್ತು. ಇವಳು ನಿಲ್ಲಿಸಲ್ಲ."

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಡ್‌ಮಿಸ್ ನಗುತ್ತಾ ಕಣ್ಣೊರೆಸಿಕೊಂಡಳು. ಚಿಕಿತ್ಸೆ ಮುಂದುವರಿಸಿ ಅಂತ ಅಪ್ಪಣೆಯಾಯಿತು. ಕೈ ಪೂರ್ತಿ ಬರುತ್ತದೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಾಗಿಲು ತೆರೆದಿದೆ ಅಂದರು, ಅಷ್ಟು ಸಾಕಾಗಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಒಂದೇ ಸಮನೆ ಮಾತಾಡಿದರು. ಈ ಸಲ ಕಿಟಕಿ ಕಡೆ ಮುಖ ಮಾಡಿಕೊಂಡವಳು ನಾನು. ಇವಳು ನಿಲ್ಲಿಸಲ್ಲ. ಇವರ ಆ ಮಾತು ತಲೆಯಿಂದ ಹೋಗಲೇ ಇಲ್ಲ. ನಾನು ತಳ್ಳುವವಳು ಅಂತ ನನಗೆ ಗೊತ್ತು. ಇವರು ಸರಿಯುವವರು ಅಂತ ಬೀದಿಗೆಲ್ಲ ಗೊತ್ತು. ಹೆಂಡತಿ ಹೇಳಿದ್ದಕ್ಕೆಲ್ಲ ಗೋಣು ಹಾಕುತ್ತಾನೆ ಅಂತ ಜನ ನಗುವಾಗ ನಾನೂ ಒಳಗೊಳಗೆ ಇವರನ್ನು ಮೆತ್ತನೆಯ ಮನುಷ್ಯ ಅಂದುಕೊಂಡಿದ್ದೆ. ಸರಿಯುವುದು ಸೋಲಲ್ಲ, ಅದೊಂದು ಕಸುಬು, ಎಷ್ಟು ಹತ್ತಿರ ಬರುವವರೆಗೆ ಇರಬೇಕು ಯಾವಾಗ ದಾರಿ ಬಿಡಬೇಕು ಅಂತ ತಿಳಿದಿರುವುದು, ಅನ್ನುವುದು ಇಷ್ಟು ವರ್ಷ ಎದುರಿಗೇ ನಡೆಯುತ್ತಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಸರಿಯುತ್ತಾರೆ ಅನ್ನುವ ನಂಬಿಕೆಯಲ್ಲೇ ನಾನು ಜೋರಾಗಿ ಬದುಕಿಬಿಟ್ಟೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದೆ. ಇವರು ಎರಡು ಮೆಟ್ಟಿಲು ದಾಟಿ ಬಂದು ಸ್ಟೂಲಿನ ಮೇಲೆ ಕೂತು, ಎಡಗೈ ಎತ್ತಿ ಬಟ್ಟೆಯ ಮೇಲಿಟ್ಟುಕೊಂಡರು. ನಾನು ಐಸ್ ತುಂಬಿ ಪೆಟ್ಟಿಗೆ ಹಿಡಿದೆ. ಕೈ ಮುಂದಿತ್ತು. ಸೊರಗಿತ್ತು, ಬೆರಳುಗಳು ಒಳಕ್ಕೆ ಬಾಗಿದ್ದವು, ಮಣಿಕಟ್ಟಿನ ಮೇಲೆ ಆ ಹಳೆಯ ಬರೆಗಳು. ಅರ್ಧ ದಾರಿಯವರೆಗೆ ತಳ್ಳಿ ನಿಲ್ಲಿಸಿದೆ. ಮುಂದಕ್ಕೆ ನನ್ನಿಂದ ಆಗಲಿಲ್ಲ. ತೂತುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಾಯ್ತು?" ಅಂದರು.

"ಏನಿಲ್ಲ."

"ಮತ್ತೆ ಯಾಕೆ ನಿಂತೆ?"

"ನಿಮಗೆ ನೋವಾದ್ರೆ?"

ಇವರು ನನ್ನ ಮುಖವನ್ನೇ ನೋಡಿದರು. ಮದುವೆಯಾದಾಗಿನಿಂದ ಆ ಪ್ರಶ್ನೆ ನಾನು ಕೇಳಿದ್ದಿಲ್ಲ. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ.

"ನೀನೂ ನಿಲ್ಲಿಸ್ಬೇಡ ಕಣೇ," ಅಂದರು. "ನೀನು ನಿಲ್ಲಿಸಿದ್ರೆ ನಾನು ಇಲ್ಲೇ ಉಳಿದುಬಿಡ್ತೀನಿ."

ಹೆಗಲಿಗೆ ಕಣ್ಣೊರೆಸಿಕೊಂಡೆ. ಗಡ್ಡ ಯಾಕೆ ಕೆರೆದಿಲ್ಲ, ಅಂಗಿ ಗುಂಡಿ ಯಾಕೆ ಮೇಲೆ ಕೆಳಗಾಗಿದೆ, ಗಿರಾಕಿಗಳು ಏನಂದುಕೊಳ್ಳಬೇಕು ಅಂತ ಶುರುಮಾಡಿದೆ. ಬೈಯುತ್ತಾ ಬೈಯುತ್ತಾ ತಳ್ಳಿದೆ. ಮೊದಲು ಕಿರುಬೆರಳು ಹೊರಟಿತು. ಅದರ ಹಿಂದೆ ಉಳಿದವೂ ಹೊರಟವು.